ನದಿಯ ಪಾತ್ರ ಮತ್ತು ನಿವೇಶನದ ಲೆಕ್ಕ

ಕೃಷ್ಣಾ ನದಿಯು ಮಹಾರಾಷ್ಟ್ರವನ್ನು ದಾಟಿ ಕರ್ನಾಟಕವನ್ನು ಪ್ರವೇಶಿಸುವುದು ನಮ್ಮ ಸೀಮೆಯಲ್ಲಿ. ಕೊಯ್ನಾ, ವಾರಣಾ, ಪಂಚಗಂಗೆಗಳ ನೀರನ್ನು ಅದು ಮೇಲಿನಿಂದಲೇ ಹೊತ್ತು ತರುತ್ತದೆ. ವೇದಗಂಗೆಯನ್ನು ಕೂಡಿಕೊಂಡ ದೂಧಗಂಗೆಯು ಚಿಕ್ಕೋಡಿ ತಾಲ್ಲೂಕಿನಲ್ಲಿ ಅದನ್ನು ಸೇರುತ್ತದೆ. ಆಚಾರ್ಯ ಶಾಂತಿಸಾಗರರ ಮನೆತನದ ಭೋಜ ಗ್ರಾಮವೂ, 1946ರಲ್ಲಿ ಆಚಾರ್ಯ ವಿದ್ಯಾಸಾಗರರು ಜನಿಸಿದ ಸದಲಗಾ ಪಟ್ಟಣವೂ ಈ ನೀರಿನ ನೆರೆಹೊರೆಯವೇ. ಇಂತಹ ನೆಲವನ್ನು ನಿವೇಶನಗಳನ್ನಾಗಿ ಮಾರ್ಪಡಿಸುವಾಗ ಯಾವ ವಿಚಾರಣೆ ನಡೆಯಬೇಕು? ಈ ಪ್ರಶ್ನೆಗೂ ಒಂದು ಇತಿಹಾಸವಿದೆ.

ಕಾರ್ಯವನ್ನು ಕೈಗೊಳ್ಳುವ ಮೊದಲೇ ಅದರಿಂದ ಪರಿಸರಕ್ಕಾಗುವ ಪರಿಣಾಮವನ್ನು ಅಂದಾಜು ಮಾಡಬೇಕೆಂಬ ನಿಯಮವು ಅಮೆರಿಕದಲ್ಲಿ 1970ರ ಜನವರಿ 1ರಂದು ಕಾನೂನಾಯಿತು. ನಮ್ಮ ದೇಶದಲ್ಲಿ ಆ ದಶಕದ ಉತ್ತರಾರ್ಧದಲ್ಲಿ ದೊಡ್ಡ ಅಣೆಕಟ್ಟುಗಳಿಗೆ ಸಂಬಂಧಿಸಿ ಇಂತಹ ಪರಿಶೀಲನೆ ಆರಂಭವಾಯಿತು. 1984ರ ಭೋಪಾಲ ದುರಂತದ ನಂತರ, 1986ರಲ್ಲಿ ಪರಿಸರ ಸಂರಕ್ಷಣಾ ಕಾಯಿದೆ ಬಂದಿತು. ಅದರ ಅಡಿಯಲ್ಲಿ 1994ರ ಜನವರಿ 27ರ ಅಧಿಸೂಚನೆಯು ಪರಿಣಾಮದ ಅಂದಾಜನ್ನು ಕಡ್ಡಾಯಗೊಳಿಸಿತು. 1997ರಲ್ಲಿ ಸಾರ್ವಜನಿಕ ಅಹವಾಲು ಸಭೆಯ ನಿಯಮ ಸೇರಿತು. ಗಣಿ, ಅಣೆಕಟ್ಟು, ಕಾರ್ಖಾನೆಗಳ ಆ ಪಟ್ಟಿಗೆ ದೊಡ್ಡ ಕಟ್ಟಡ ನಿರ್ಮಾಣವು ಸೇರಿದ್ದು 2004ರ ಜುಲೈಯಲ್ಲಿ. 2006ರ ಸೆಪ್ಟೆಂಬರ್ 14ರ ಹೊಸ ಅಧಿಸೂಚನೆಯು 20,000 ಚದರ ಮೀಟರ್ ಅಥವಾ ಅದಕ್ಕೆ ಮೇಲ್ಪಟ್ಟ ಕಟ್ಟಡಗಳಿಗೂ, 50 ಹೆಕ್ಟೇರ್ ಅಥವಾ ಅದಕ್ಕೆ ಮೇಲ್ಪಟ್ಟ ಬಡಾವಣೆಗಳಿಗೂ ಪೂರ್ವಾನುಮತಿಯನ್ನು ವಿಧಿಸಿತು.

ಐವತ್ತು ಹೆಕ್ಟೇರ್ ಎಂದರೆ ಸುಮಾರು 123 ಎಕರೆ. ನಿಪ್ಪಾಣಿ, ಅಥಣಿ, ರಾಯಬಾಗಗಳಂತಹ ಊರುಗಳಲ್ಲಿ ಸಾಮಾನ್ಯವಾಗಿ ಏಳುವ ಬಡಾವಣೆ ನಾಲ್ಕಾರು ಎಕರೆಯದು. ಹೆಚ್ಚೆಂದರೆ ಹತ್ತಿಪ್ಪತ್ತು ಎಕರೆಯದು. ಅವುಗಳಿಗೆ 1964ರ ಭೂಕಂದಾಯ ಕಾಯಿದೆಯಂತೆ ಭೂಪರಿವರ್ತನೆಯೂ, 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯಿದೆಯಂತೆ ನಕ್ಷೆಯ ಮಂಜೂರಾತಿಯೂ ಬೇಕಾಗುತ್ತವೆ. ಆದರೆ ಪರಿಣಾಮದ ಪೂರ್ಣ ಅಧ್ಯಯನವು ಆ ಅಳತೆಯ ಭೂಮಿಯನ್ನು ಮುಟ್ಟುವುದಿಲ್ಲ.

ಕಾಯಿದೆಯು ವಿಸ್ತೀರ್ಣವನ್ನು ಅಳೆಯುತ್ತದೆ. ನೀರು ಎತ್ತರವನ್ನು ನೋಡುತ್ತದೆ. ಒಬ್ಬನು ಹಳ್ಳದ ಅಂಚಿಗೆ ಮುರಂ ಸುರಿದು ನೆಲವನ್ನು ಎತ್ತರಿಸುತ್ತಾನೆ. ಮತ್ತೊಬ್ಬನು ಕಿರಿದಾದ ಪೈಪು ಹಾಕಿ ಮೇಲೆ ರಸ್ತೆ ಮಾಡುತ್ತಾನೆ. ಮೂರನೆಯವನ ಕಂಪೌಂಡು ಒಡ್ಡಿನಂತೆ ನಿಲ್ಲುತ್ತದೆ. ಒಂದೊಂದೂ ಅಲ್ಪವೇ. ಎಲ್ಲವೂ ಕೂಡಿದಾಗ ಹಳ್ಳದ ನೀರು ಹಿಂದೆ ಸರಿದು, ಬಡಾವಣೆಯ ವ್ಯವಹಾರದಲ್ಲಿ ಯಾವ ಪಾಲೂ ಇಲ್ಲದ ಮನೆಗಳನ್ನು ಹೊಗುತ್ತದೆ. 2005, 2019, 2021ರ ಮಹಾಪೂರಗಳು ಈ ತಾಲ್ಲೂಕುಗಳ ನದೀತೀರದ ಗ್ರಾಮಗಳನ್ನು ಮುಳುಗಿಸಿದವು. 2021ರ ಜುಲೈಯಲ್ಲಿ ನಿಪ್ಪಾಣಿ ಸಮೀಪದ ಯಮಗರ್ಣಿಯ ಬಳಿ ವೇದಗಂಗೆಯ ನೀರು ರಾಷ್ಟ್ರೀಯ ಹೆದ್ದಾರಿಯ ಸಂಚಾರವನ್ನೇ ನಿಲ್ಲಿಸಿತು. ಇಷ್ಟು ದೊಡ್ಡ ಪೂರಗಳಿಗೆ ಬಡಾವಣೆಗಳೇ ಕಾರಣವೆಂದು ಹೇಳುವುದು ನ್ಯಾಯವಾಗದು. ಸಹ್ಯಾದ್ರಿಯ ಮಳೆಯೂ ಜಲಾಶಯಗಳಿಂದ ಬಿಟ್ಟ ನೀರೂ ಅವುಗಳ ಮೂಲ. ಆದರೆ ಬಂದ ನೀರು ಎಲ್ಲಿ ನಿಲ್ಲಬೇಕು, ಎಷ್ಟು ದಿನ ನಿಲ್ಲಬೇಕೆಂಬುದರಲ್ಲಿ ನಮ್ಮ ಕೈವಾಡವೂ ಇದೆ.

ವಿಚಾರಣೆಯಿಂದ ವಿಳಂಬವಾಗುತ್ತದೆ, ಬಡ್ಡಿ ಏರುತ್ತದೆ, ಜನರಿಗೆ ಮನೆ ಬೇಕಲ್ಲವೇ ಎಂದು ವ್ಯಾಪಾರಿ ಬಂಧುಗಳು ಕೇಳುವರು. ಪ್ರಶ್ನೆ ಸಹಜವಾದುದೇ. ಆದರೆ ವಿಳಂಬದ ಬಡ್ಡಿ ನಮ್ಮ ಖಾತೆಯಲ್ಲಿ ಕಾಣುತ್ತದೆ; ನೀರು ನುಗ್ಗಿದ ಮನೆಯ ಹಾನಿ ಪರರ ಖಾತೆಗೆ ಬೀಳುತ್ತದೆ. ಪರರ ಖಾತೆಯ ಖರ್ಚನ್ನು ಬಿಟ್ಟು ತೆಗೆದ ಲಾಭವು ಶುದ್ಧ ಲಾಭವಲ್ಲ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ನಿಷ್ಪ್ರಯೋಜನವಾಗಿ ನೆಲ, ನೀರು, ಸಸ್ಯಗಳಿಗೆ ಬಾಧೆ ಮಾಡುವುದನ್ನು ಪ್ರಮಾದಚರ್ಯೆಯೆಂದು ಗಣಿಸಿದ್ದಾರೆ. ಮನೆ ಕಟ್ಟುವುದು ನಿಷ್ಪ್ರಯೋಜನವಲ್ಲ, ನಿಜ. ವಿಚಾರಿಸದೆ ಹಳ್ಳವನ್ನು ಮುಚ್ಚುವುದನ್ನು ಮಾತ್ರ ಪ್ರಮಾದವೆಂದೇ ಕರೆಯಬೇಕು.

ಆದುದರಿಂದ ಬಸದಿಯ ಜಮೀನನ್ನು ಮಾರುವಾಗಲಾಗಲಿ, ಅಲ್ಲಿ ಕಲ್ಯಾಣ ಮಂಟಪವನ್ನೋ ಯಾತ್ರಿ ನಿವಾಸವನ್ನೋ ಕಟ್ಟುವಾಗಲಾಗಲಿ, ಟ್ರಸ್ಟುಗಳು ಕಾಯಿದೆ ಕೇಳದಿದ್ದರೂ ನಾಲ್ಕು ಪ್ರಶ್ನೆಗಳನ್ನು ತಾವೇ ಕೇಳಿಕೊಳ್ಳಲಿ. 2005 ಮತ್ತು 2019ರ ನೀರು ಎಲ್ಲಿಯವರೆಗೆ ಬಂದಿತ್ತು? ಗ್ರಾಮ ನಕಾಶೆಯಲ್ಲಿ ಹಳ್ಳ ಎಲ್ಲಿದೆ? ಹೊಲಸು ನೀರು ಯಾರ ಬಾವಿಯ ಕಡೆಗೆ ಹೋಗುವುದು? ಕೆಳಭಾಗದ ನೆರೆಯವರು ಏನನ್ನುವರು? ಉತ್ತರಗಳನ್ನು ಸಭೆಯಲ್ಲಿ ಓದಿ, ಠರಾವು ಪುಸ್ತಕದಲ್ಲಿ ಬರೆದಿಡಲಿ. ಇದಕ್ಕೆ ತಗಲುವ ವೆಚ್ಚ ಅತ್ಯಲ್ಪ. ಬಸದಿಯ ಹೆಸರಿನಲ್ಲಿ ನಡೆದ ವ್ಯವಹಾರದಿಂದ ನೆರೆಯವನ ಮನೆಗೆ ನೀರು ಹೊಕ್ಕರೆ ಆಗುವ ಹಾನಿಯನ್ನು ಯಾವ ದಾನವೂ ತುಂಬಿಕೊಡಲಾರದು.