ಕೊಲೆಯ ನಿಷೇಧವೂ ಮರಣದಂಡನೆಯೂ

ಕೊಲೆ ಕೂಡದೆಂಬ ಆಜ್ಞೆ ಬೈಬಲಿನ ವಿಮೋಚನಕಾಂಡದ 20ನೇ ಅಧ್ಯಾಯದಲ್ಲಿದೆ. ಪುಟ ತಿರುಗಿಸಿದರೆ, 21ನೇ ಅಧ್ಯಾಯದಲ್ಲಿ ಕೊಲೆಗಾರನಿಗೆ ಮರಣದಂಡನೆ! ಎರಡೂ ಹೇಗೆ ಹೊಂದುತ್ತವೆ?

ಆಜ್ಞೆಯಲ್ಲಿರುವ ಹೀಬ್ರೂ ಪದ ‘ರಾತ್ಸಾಖ್’ ಅಕ್ರಮ ಕೊಲೆಯನ್ನಷ್ಟೇ ಸೂಚಿಸುತ್ತದೆ, ನ್ಯಾಯಸಭೆಯ ಶಿಕ್ಷೆಯನ್ನಲ್ಲ ಎಂಬುದು ಸಾಮಾನ್ಯ ಉತ್ತರ. ಆದರೆ ಅರಣ್ಯಕಾಂಡದ 35ನೇ ಅಧ್ಯಾಯ ಕೊಲೆಗಾರನಿಗೆ ಕೊಡುವ ಮರಣಕ್ಕೂ ಅದೇ ಕ್ರಿಯಾಪದವನ್ನು ಬಳಸುತ್ತದೆ. ನಿಘಂಟು ಒಂದರಿಂದಲೇ ಈ ಗಂಟು ಬಿಚ್ಚುವುದಿಲ್ಲ.

ಯೆಹೂದಿ ಪಂಡಿತರು ಕಾನೂನನ್ನು ಅಳಿಸಲಿಲ್ಲ, ಅದರ ಬಾಗಿಲನ್ನು ಕಿರಿದು ಮಾಡಿದರು. ಕ್ರಿ.ಶ. 200ರ ಸುಮಾರಿಗೆ ಸಂಕಲನಗೊಂಡ ಮಿಶ್ನಾ ಗ್ರಂಥದ ಪ್ರಕಾರ ಇಂಥ ವಿಚಾರಣೆಗೆ 23 ನ್ಯಾಯಾಧೀಶರು ಬೇಕು. ಬಿಡುಗಡೆಗೆ ಒಂದು ಮತ ಹೆಚ್ಚಿದ್ದರೆ ಸಾಕು. ಶಿಕ್ಷೆಗೆ ಎರಡು ಹೆಚ್ಚಿರಬೇಕು. 7 ವರ್ಷಕ್ಕೊಬ್ಬನನ್ನು ಕೊಲ್ಲಿಸುವ ನ್ಯಾಯಸಭೆಯೂ ವಿನಾಶಕಾರಿ ಎನಿಸಿಕೊಂಡಿತು. ರಬ್ಬಿ ಎಲಿಯಾಜರ್ ಬೆನ್ ಅಜರ್ಯ ಅದನ್ನು 70 ವರ್ಷಕ್ಕೆ ಏರಿಸಿದರು. ತಾವು ಆ ಸಭೆಯಲ್ಲಿದ್ದಿದ್ದರೆ ಒಬ್ಬನೂ ಸಾಯುತ್ತಿರಲಿಲ್ಲ ಎಂದರು ತರ್ಫೋನ್ ಮತ್ತು ಅಕಿವಾ. ಹಾಗಾದರೆ ಕೊಲೆಗಾರರು ಹೆಚ್ಚುತ್ತಾರಲ್ಲ ಎಂದರು ಶಿಮೋನ್ ಬೆನ್ ಗಮಲಿಯೇಲ್.

ಆ ಹೊತ್ತಿಗೆ ರೋಮನ್ ಆಳ್ವಿಕೆಯಲ್ಲಿ ಯೆಹೂದಿ ನ್ಯಾಯಸಭೆಗೆ ಇಂಥ ಅಧಿಕಾರ ಉಳಿದಿರಲಿಲ್ಲ. ಆದರೂ ವಾದ ನಿಲ್ಲಲಿಲ್ಲ. 1954ರಲ್ಲಿ ಇಸ್ರೇಲ್ ಕೊಲೆ ಅಪರಾಧಕ್ಕಿದ್ದ ಮರಣದಂಡನೆಯನ್ನು ರದ್ದುಮಾಡಿತು. 1962ರಲ್ಲಿ ನಾಜಿ ಅಧಿಕಾರಿ ಐಕ್‌ಮನ್‌ನನ್ನು ಗಲ್ಲಿಗೇರಿಸಿತು.

ಮಿಶ್ನಾ ಎರಡೂ ಪಕ್ಷಗಳ ಮಾತನ್ನು ಒಟ್ಟಿಗೇ ಉಳಿಸಿಕೊಂಡಿದೆ. ಶಿಕ್ಷಿಸುವ ಹಕ್ಕು ಇದ್ದಮಾತ್ರಕ್ಕೆ ಜೀವ ತೆಗೆಯುವ ಕೈ ನಡುಗದಿರಬಾರದು ಎಂಬ ಎಚ್ಚರ ಅಲ್ಲಿದೆ.