ಘಾಟ್ ಇಳಿಯುವ ಮುನ್ನ ಗಮನಿಸಿ: ಕಾರಿನ ಬ್ರೇಕ್ ಆಯಿಲ್‌ಗೆ ನೀರು ಸೇರಿದೆಯೇ? ಮನೆಯಲ್ಲೇ ಪರೀಕ್ಷಿಸುವುದು ಹೀಗೆ

ಪುಣೆ: ಬೆಂಗಳೂರು, ಬೆಳಗಾವಿ ಕಡೆಯಿಂದ ಪುಣೆಗೆ ಕಾರಿನಲ್ಲಿ ಹೋಗುವವರಿಗೆ ಕಾತ್ರಜ್ ಹೊಸ ಸುರಂಗದಿಂದ ನವಲೆ ಸೇತುವೆವರೆಗಿನ ಇಳಿಜಾರು ಚಿರಪರಿಚಿತ. 2022ರ ನವೆಂಬರ್ 20ರಂದು ಇಲ್ಲಿ ನಿಯಂತ್ರಣ ತಪ್ಪಿದ ಭಾರೀ ವಾಹನವೊಂದು ಹತ್ತಾರು ವಾಹನಗಳಿಗೆ ಡಿಕ್ಕಿ ಹೊಡೆದಿತ್ತು. ಭಾರೀ ಲಾರಿಗಳಲ್ಲಿ ಇರುವುದು ಗಾಳಿಯ ಒತ್ತಡದ ಬ್ರೇಕ್, ಕಾರಿನಲ್ಲಿ ಇರುವುದು ದ್ರವದ ಬ್ರೇಕ್. ಆದರೆ ಉದ್ದದ ಇಳಿಜಾರಿನಲ್ಲಿ ಬ್ರೇಕ್ ಕಾಯುತ್ತದೆ ಎಂಬುದು ಎರಡಕ್ಕೂ ಅನ್ವಯಿಸುವ ಮಾತು. ಕಾರಿನ ಬ್ರೇಕ್ ಆಯಿಲ್‌ನಲ್ಲಿ ನೀರಿನಂಶವಿದ್ದರೆ ಆ ಬಿಸಿಯೇ ಅಪಾಯ ತರುತ್ತದೆ.

ನೀರು ಸೇರುವುದು ಹೇಗೆ?

ಜನ ಬ್ರೇಕ್ ಆಯಿಲ್ ಎಂದು ಕರೆಯುವ ಡಾಟ್ 3, ಡಾಟ್ 4 ಮತ್ತು ಡಾಟ್ 5.1 ದ್ರವಗಳು ನಿಜಕ್ಕೂ ಎಣ್ಣೆಯಲ್ಲ. ಗ್ಲೈಕಾಲ್ ಆಧಾರಿತವಾದ ಇವು ಗಾಳಿಯ ತೇವವನ್ನು ಹೀರಿಕೊಳ್ಳುತ್ತವೆ. ರಬ್ಬರ್ ಹೋಸ್ ಮತ್ತು ಡಬ್ಬಿಯ ಮುಚ್ಚಳದ ಮೂಲಕ ತೇವ ನಿಧಾನವಾಗಿ ಒಳಸೇರುತ್ತದೆ. ಈ ನೀರು ತಳದಲ್ಲಿ ನಿಲ್ಲುವುದಿಲ್ಲ, ದ್ರವದಲ್ಲೇ ಕರಗಿಬಿಡುತ್ತದೆ. ಹೀಗಾಗಿ ಕಣ್ಣಿಗೆ ಕಾಣದು. ಬಣ್ಣ ನೋಡಿ ನಿರ್ಧರಿಸಲೂ ಆಗದು.

ಅಪಾಯ ಏನು?

ಹೊಸ ಡಾಟ್ 4 ದ್ರವದ ಕುದಿಯುವ ಬಿಂದು ಕನಿಷ್ಠ 230 ಡಿಗ್ರಿ ಸೆಲ್ಸಿಯಸ್ ಇರಬೇಕು. ಶೇ 3.7ರಷ್ಟು ನೀರು ಸೇರಿದಾಗ ಇದಕ್ಕಿರುವ ಕನಿಷ್ಠ ಮಿತಿ 155 ಡಿಗ್ರಿ. ಡಾಟ್ 3ಕ್ಕೆ ಈ ಮಿತಿಗಳು 205 ಮತ್ತು 140 ಡಿಗ್ರಿ. ಘಾಟ್‌ನಲ್ಲಿ ಬ್ರೇಕ್ ಒತ್ತಿಕೊಂಡೇ ಇಳಿದರೆ ಚಕ್ರದ ಬಳಿಯ ದ್ರವ ಕುದಿದು ಆವಿಯ ಗುಳ್ಳೆಗಳಾಗಬಹುದು. ದ್ರವ ಒತ್ತಡವನ್ನು ಚಕ್ರಕ್ಕೆ ದಾಟಿಸುತ್ತದೆ, ಆವಿ ಕುಗ್ಗಿಬಿಡುತ್ತದೆ. ಆಗ ಪೆಡಲ್ ಮೆತ್ತಗಾಗಿ ತಳಕ್ಕೆ ಇಳಿಯುತ್ತದೆ. ಊರೊಳಗೆ ಚೆನ್ನಾಗಿಯೇ ಹಿಡಿಯುತ್ತಿದ್ದ ಬ್ರೇಕ್ ಘಾಟ್‌ನಲ್ಲಿ ಕೈಕೊಡುವುದು ಹೀಗೆ. ಒಳಗಿನ ಲೋಹದ ಭಾಗಗಳು ತುಕ್ಕು ಹಿಡಿಯಲೂ ನೀರು ಕಾರಣ.

ಪರೀಕ್ಷೆ ಮಾಡುವ ವಿಧಾನ

ಇದಕ್ಕೆ ಪೆನ್ ಆಕಾರದ ಬ್ರೇಕ್ ಫ್ಲೂಯಿಡ್ ಟೆಸ್ಟರ್ ಸಾಕು.

1. ಸಮತಟ್ಟಾದ ಜಾಗದಲ್ಲಿ ಕಾರು ನಿಲ್ಲಿಸಿ, ಎಂಜಿನ್ ತಣ್ಣಗಾಗಲು ಬಿಡಿ.

2. ಡಬ್ಬಿಯ ಮುಚ್ಚಳ ಮತ್ತು ಸುತ್ತಲಿನ ಧೂಳನ್ನು ಒಣ ಬಟ್ಟೆಯಿಂದ ಒರೆಸಿ. ಮಳೆಯಲ್ಲಿ ಮುಚ್ಚಳ ತೆರೆಯಬೇಡಿ.

3. ಮುಚ್ಚಳದ ಮೇಲೆ ಬರೆದಿರುವ ಡಾಟ್ ಸಂಖ್ಯೆ ನೋಡಿ, ಆಯ್ಕೆ ಇದ್ದರೆ ಟೆಸ್ಟರ್‌ನಲ್ಲಿ ಅದನ್ನೇ ಹೊಂದಿಸಿ.

4. ಟೆಸ್ಟರ್‌ನ ತುದಿಯನ್ನು ದ್ರವದಲ್ಲಿ ಅದ್ದಿ. ಜಾಳಿಗೆ ಅಡ್ಡ ಬಂದರೆ, ಒಣಗಿದ ಶುದ್ಧ ಡ್ರಾಪರ್‌ನಿಂದ ಸ್ವಲ್ಪ ದ್ರವವನ್ನು ಗಾಜಿನ ಬಟ್ಟಲಿಗೆ ತೆಗೆದು ಪರೀಕ್ಷಿಸಿ.

5. ಸಾಮಾನ್ಯವಾಗಿ ಹಸಿರು ದೀಪವೆಂದರೆ ಸರಿಯಿದೆ, ಹಳದಿ ಎಂದರೆ ಎಚ್ಚರಿಕೆ, ಕೆಂಪು ಎಂದರೆ ದ್ರವ ಬದಲಿಸಬೇಕು. ನಿಖರ ಅರ್ಥಕ್ಕೆ ಟೆಸ್ಟರ್ ಜೊತೆಗಿನ ಸೂಚನೆ ಓದಿ.

6. ಕೂಡಲೇ ಮುಚ್ಚಳ ಹಾಕಿ, ಟೆಸ್ಟರ್ ತುದಿ ಒರೆಸಿಡಿ.

ಎಷ್ಟು ನಂಬಬಹುದು?

ಟೆಸ್ಟರ್ ಅಳೆಯುವುದು ದ್ರವದ ವಿದ್ಯುತ್ ವಾಹಕತೆಯನ್ನು. ಇದು ಕಂಪನಿಯಿಂದ ಕಂಪನಿಗೆ ಬದಲಾಗುವುದರಿಂದ ಫಲಿತಾಂಶ ಅಂದಾಜು ಮಾತ್ರ. ಅಲ್ಲದೆ ಡಬ್ಬಿಯ ದ್ರವ ಚೆನ್ನಾಗಿದ್ದರೂ ಚಕ್ರದ ಬಳಿಯ ದ್ರವದಲ್ಲಿ ಹೆಚ್ಚು ನೀರಿರಬಹುದು. ಆದ್ದರಿಂದ ಕೆಂಪು ದೀಪವನ್ನು ಕಡೆಗಣಿಸಬೇಡಿ, ಹಸಿರು ದೀಪ ನೋಡಿ ನಿಶ್ಚಿಂತರೂ ಆಗಬೇಡಿ. ದ್ರವವನ್ನು ಕುದಿಸಿ ನೋಡುವ ಯಂತ್ರವಿರುವ ವರ್ಕ್‌ಶಾಪ್‌ನಲ್ಲಿ ಹೆಚ್ಚು ಖಚಿತ ಉತ್ತರ ಸಿಗುತ್ತದೆ. ಮನೆಯ ಒಲೆಯ ಮೇಲೆ ಮಾತ್ರ ಕಾಯಿಸಲೇಬೇಡಿ. ಅದು ಹೊತ್ತಿಕೊಳ್ಳುವ ದ್ರವ.

ಇವು ನೆನಪಿರಲಿ

* ದ್ರವ ಕಡಿಮೆಯಾಗಿದ್ದರೆ ಬರೀ ತುಂಬಿಸಿ ಸುಮ್ಮನಾಗಬೇಡಿ. ಬ್ರೇಕ್ ಪ್ಯಾಡ್ ಸವೆದಿರಬಹುದು ಅಥವಾ ಸೋರಿಕೆ ಇರಬಹುದು.

* ಹಳೆಯದರ ಮೇಲೆ ಹೊಸದನ್ನು ಸುರಿದರೆ ನೀರು ಹೋಗುವುದಿಲ್ಲ. ಪೂರ್ತಿ ಬದಲಿಸಿ, ನಾಲ್ಕೂ ಚಕ್ರಗಳಲ್ಲಿ ಗಾಳಿ ತೆಗೆಸಬೇಕು.

* ಬಹಳಷ್ಟು ಕಾರುಗಳಿಗೆ ಎರಡು ವರ್ಷಕ್ಕೊಮ್ಮೆ ಬದಲಾವಣೆ ಸೂಕ್ತ. ನಿಮ್ಮ ಕಾರಿನ ಕೈಪಿಡಿಯಲ್ಲಿರುವ ಅವಧಿಯನ್ನು ಪಾಲಿಸಿ.

* ಸಿಲಿಕೋನ್ ಆಧಾರಿತ ಡಾಟ್ 5 ದ್ರವವನ್ನು ಇತರ ದ್ರವಗಳೊಂದಿಗೆ ಬೆರೆಸಬಾರದು. ತೆರೆದಿಟ್ಟ ಹಳೆಯ ಬಾಟಲಿ ಬಳಸಬೇಡಿ.

* ಕಾರಿನ ಪೇಂಟ್ ಮೇಲೆ ದ್ರವ ಬಿದ್ದರೆ ತಕ್ಷಣ ನೀರಿನಿಂದ ತೊಳೆಯಿರಿ.

ಪರೀಕ್ಷೆಯಲ್ಲಿ ಪಾಸಾದ ಕಾರನ್ನೂ ಘಾಟ್‌ನಲ್ಲಿ ನ್ಯೂಟ್ರಲ್‌ಗೆ ಹಾಕಿ ಇಳಿಸಬಾರದು. ಕಡಿಮೆ ಗೇರ್‌ನಲ್ಲಿ ಇಳಿದರೆ ವೇಗವನ್ನು ಎಂಜಿನ್ ಹಿಡಿದಿಡುತ್ತದೆ, ಬ್ರೇಕ್ ಕಾಯುವುದು ತಪ್ಪುತ್ತದೆ. ಪೆಡಲ್ ಮೆತ್ತಗಾದಂತೆ ಅನಿಸಿದರೆ ಪ್ರಯಾಣ ಮುಂದುವರಿಸದೆ ಸುರಕ್ಷಿತ ಜಾಗದಲ್ಲಿ ಕಾರು ನಿಲ್ಲಿಸಿ, ಮೆಕ್ಯಾನಿಕ್‌ಗೆ ತೋರಿಸಿ.