ಅಪ್ಪನ ಪಟಗಾ



ಜಯಂತಿಗೆ ನಮ್ಮ ಓಣಿ ಹುಡುಗರು ಬಾಬಾಸಾಹೇಬರ ಫೋಟೋಕ್ಕ ಹಾಕಾಕ ಜರಿ ಕಿರೀಟ ತಂದಿದ್ದರು. ನಾನು ಬ್ಯಾಡ ಅಂದೆ, ಸಿಟ್ಟಾದರು. ಅದಕ್ಕ ಇದನ್ನ ಬರಿಯಾಕತ್ತೇನಿ.

ಕಿರೀಟ ಅಂದ್ರ ಇನ್ನೊಬ್ಬರು ಒಪ್ಪಿ ಇಡಬೇಕಾದ್ದು. ಶಿವಾಜಿ ಮಹಾರಾಜರು ಅಷ್ಟು ಕೋಟೆ ಗೆದ್ದರೂ ಕ್ಷತ್ರಿಯ ಅಲ್ಲ ಅಂದವರಿದ್ದರು. ಕಾಶಿಯ ಗಾಗಾಭಟ್ಟರನ್ನ ಕರೆಸಿ, ಮುಂಜಿ ಮಾಡಿಸಿಕೊಂಡ ಮೇಲೇ 1674ರ ಜೂನ್ 6ರಂದು ರಾಯಗಡದಲ್ಲಿ ಪಟ್ಟಾಭಿಷೇಕ ಆತು. ಕೊಲ್ಹಾಪುರದ ಶಾಹೂ ಮಹಾರಾಜರಂತೂ ಗಾದಿ ಮ್ಯಾಲೆ ಕುಂತಾಗಲೇ ಪುರೋಹಿತ ಅವರನ್ನ ಶೂದ್ರ ಅಂತ ತಿಳಿದು ವೇದಮಂತ್ರ ಹೇಳಲಿಲ್ಲ! ಆ ಪೆಟ್ಟು ತಿಂದ ರಾಜ 1902ರಲ್ಲಿ ಹಿಂದುಳಿದವರಿಗೆ ನೌಕರಿಯಲ್ಲಿ ಶೇ. 50 ಮೀಸಲಾತಿ ಕೊಟ್ಟರು. 1920ರ ಮಾರ್ಚಿನಲ್ಲಿ ಮಾಣಗಾಂವ ಪರಿಷತ್ತಿಗೆ ಬಂದು, 28 ವರ್ಷದ ಅಂಬೇಡ್ಕರರನ್ನ ಜನರಿಗೆ ಅವರ ನಾಯಕ ಅಂತ ತೋರಿಸಿದರು. ಮಾಣಗಾಂವ ಏನ್ ದೂರಲ್ಲ, ನಮ್ಮ ನಿಪ್ಪಾಣಿ ಆಚೆ.

ನಮ್ಮಪ್ಪ ಊರೊಳಗ ಹಾಯುವಾಗ ಪಟಗಾ ಬಿಚ್ಚಿ ಬಗಲಾಗ ಇಟ್ಕೋತಿದ್ದ. ಮದುವಿ ದಿನ ಹಣಿಗೆ ಬಾಸಿಂಗ ಕಟ್ಟಿದಾಗ್ಲೂ ಆ ಓಣಿ ದಾಟಾಕ ಬಿಡಲಿಲ್ಲ. ಈ ಸಲ ಮೆರವಣಿಗಿಯೊಳಗ ಪಟಗಾ ಬಿಗಿದು ಎಲ್ಲಾರಕ್ಕಿಂತ ಮುಂದ ನಡೆದ. ಕಿರೀಟ ಇನ್ನೂ ಸಮುದಾಯ ಭವನದ ಮೂಲ್ಯಾಗ ಐತಿ.